ಗಾಯಕ್ಕೆ ಸ್ವಂತ ರಕ್ತದ ಚಿಕಿತ್ಸೆ ಮತ್ತು ನಮ್ಮ ಮೂರು ವಾರಗಳ ಮೌನ

(ಅತನೂರಿನ ಮಸೀದಿಯಲ್ಲಿ ಜುಮಾ ನಮಾಜಿಗೆ ಮುಂಚೆ ಮಾಡಿದ ಪ್ರವಚನದ ಸಾರಾಂಶ)

 



ಈ ವಾರ ಕಾಲಿನ ಗಾಯದ ಬಗ್ಗೆ ಮಾತಾಡುತ್ತೇವೆ. ಮಿಂಬರಿನ ಮೇಲೆ ಕಾಲಿನ ಹುಣ್ಣಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಈ ವಿಷಯದಲ್ಲಿ ನಮ್ಮಿಂದ ಒಂದು ತಪ್ಪಾಗಿದೆ. ಜಮಾತಿನ ಮುಂದೆ ಅದನ್ನು ಹೇಳಿಕೊಳ್ಳದೆ ನಮಗೆ ಸಮಾಧಾನವಿಲ್ಲ.

ನಮ್ಮ ಜಮಾತಿನ ಹಿರಿಯರೊಬ್ಬರು. ಅವರ ಅನುಮತಿ ಪಡೆದೇ, ಹೆಸರು ಹೇಳದೆ ಹೇಳುತ್ತಿದ್ದೇವೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ತೊಗರಿ ಕೊಯ್ದ ಹೊಲದಲ್ಲಿ ನಡೆಯುವಾಗ ಕೂಳೆ ಅಂಗಾಲಿಗೆ ಚುಚ್ಚಿತು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮನೆಯ ನೆಲದ ಮೇಲೆ ರಕ್ತದ ಗುರುತು ಕಂಡು ಸೊಸೆ ಕೇಳಿದಾಗ ಕಾಲು ಎತ್ತಿ ನೋಡಿಕೊಂಡರು. ಮೂರು ತಿಂಗಳು ಡ್ರೆಸಿಂಗ್ ನಡೆಯಿತು. ಗಾಯ ಸ್ವಚ್ಛವಾಯಿತು, ಆದರೆ ಮುಚ್ಚಲಿಲ್ಲ. ಆಗ ಪಟ್ಟಣದ ವೈದ್ಯರೊಬ್ಬರು, ನಿಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ, ಅದರ ಒಂದು ಭಾಗವನ್ನು ಗಾಯಕ್ಕೆ ಹಚ್ಚುತ್ತೇವೆ ಎಂದರು. ಅದಕ್ಕೆ ಪಿಆರ್‌ಪಿ ಎಂದು ಹೆಸರು.

ಚಾಚಾ ಅವತ್ತು ಇಶಾ ನಮಾಜಿನ ನಂತರ ನಮ್ಮ ಹತ್ತಿರ ಬಂದು ಕೂತರು. "ಹಜ್ರತ್, ರಕ್ತ ನಾಪಾಕ್ ಅಂತ ನೀವೇ ಹೇಳೀರಿ. ಹೊರಗ ತಗದ ರಕ್ತ ಮತ್ತ ಮೈಗೆ ಹಚ್ಕೊಂಡ್ರ ನಮಾಜ್ ಆಗ್ತದೇನ್ರಿ?" ಎಂದರು. ಪಿಆರ್‌ಪಿ ಎಂದರೇನೆಂದು ನಮಗೆ ಗೊತ್ತಿರಲಿಲ್ಲ. "ಸ್ವಲ್ಪ ನಿಲ್ರಿ ಚಾಚಾ, ಕೇಳಿ ಹೇಳ್ತೀವಿ" ಎಂದೆವು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ಸರಿಯೇ. ಆದರೆ ಆಮೇಲೆ ಮಕ್ತಬಿನ ಪರೀಕ್ಷೆ ಬಂತು, ಎರಡು ನಿಕಾಹ್ ಬಂದವು, ನಾವು ಯಾರನ್ನೂ ಕೇಳಲಿಲ್ಲ. ಮೂರು ವಾರ ಕಳೆಯಿತು. ಅತ್ತ ಚಾಚಾ ನಮ್ಮ 'ನಿಲ್ರಿ' ಎಂಬ ಮಾತನ್ನು ಎಲ್ಲದಕ್ಕೂ ಅನ್ವಯಿಸಿಕೊಂಡು ಡ್ರೆಸಿಂಗಿಗೆ ಹೋಗುವುದನ್ನೂ ನಿಲ್ಲಿಸಿದ್ದರು. ನಮಗೆ ನೆನಪಾಗಿ ಫೋನ್ ಮಾಡಿದಾಗ ಅವರು ದವಾಖಾನೆಯಲ್ಲಿದ್ದರು. ಕೀವು ತುಂಬಿ ಎರಡು ಬೆರಳು ಕಪ್ಪಾಗಿದ್ದವು. ಅವೆರಡನ್ನೂ ತೆಗೆದರು.

ನೋಡಲು ಹೋದಾಗ ಅವರೇ ನಮಗೆ ಸಮಾಧಾನ ಹೇಳಿದರು. ತಕ್ದೀರ್ ಎಂದರು. ತಕ್ದೀರ್ ಸತ್ಯ, ಅದರ ಮೇಲೆ ನಮ್ಮ ಈಮಾನ್ ಇದೆ. ಆದರೆ ನಮ್ಮ ಸೋಮಾರಿತನಕ್ಕೆ ತಕ್ದೀರಿನ ಹೊದಿಕೆ ಹಾಕಲು ನಮಗೆ ಹಕ್ಕಿಲ್ಲ. ಆ ಚಿಕಿತ್ಸೆ ಮಾಡಿಸಿದ್ದರೆ ಬೆರಳು ಉಳಿಯುತ್ತಿತ್ತು ಎಂದು ವೈದ್ಯರು ಹೇಳಲಿಲ್ಲ. ಡ್ರೆಸಿಂಗಿಗೆ ಬರುತ್ತಿದ್ದರೆ ಕೀವಾಗುವುದು ಮೊದಲೇ ಕಣ್ಣಿಗೆ ಬೀಳುತ್ತಿತ್ತು ಎಂದಷ್ಟೇ ಹೇಳಿದರು. ನಮಗೆ ಅಷ್ಟೇ ಸಾಕಾಯಿತು.

ಸಹೋದರರೇ, ಅಬೂದಾವೂದ್‌ನಲ್ಲಿ ಹಝ್ರತ್ ಜಾಬಿರ್ (ರ) ವರದಿ ಮಾಡಿದ ಒಂದು ಘಟನೆ ಇದೆ. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ತಗುಲಿ ತಲೆ ಒಡೆಯಿತು. ಅದೇ ಸ್ಥಿತಿಯಲ್ಲಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರು ಇರುವಾಗ ಅದಕ್ಕೆ ಅವಕಾಶ ಇಲ್ಲ ಎಂದರು ಅವರು. ಆ ಮನುಷ್ಯ ಸ್ನಾನ ಮಾಡಿದರು, ತೀರಿಕೊಂಡರು. ವಿಷಯ ತಿಳಿದಾಗ ಪ್ರವಾದಿ (ಸ) ಎಷ್ಟು ನೊಂದರೆಂದರೆ, ಆ ಸಾವನ್ನು ಜೊತೆಗಾರರ ಮೇಲೆಯೇ ಹಾಕಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅರಿಯದವನಿಗೆ ಕೇಳುವುದೇ ಔಷಧ ಎಂಬ ಅರ್ಥದ ಮಾತು ಹೇಳಿದರು. ಗಾಯಕ್ಕೆ ಬಟ್ಟೆ ಕಟ್ಟಿ ಅದರ ಮೇಲೆ ಒದ್ದೆ ಕೈ ಸವರಿದ್ದರೆ ಸಾಕಿತ್ತು ಎಂದೂ ತಿಳಿಸಿದರು. ಮದ್ರಸಾದಲ್ಲಿ ಈ ಹದೀಸನ್ನು ಎಷ್ಟೋ ಸಲ ಓದಿದ್ದೇವೆ. ಅದು ನಮ್ಮ ಬಗ್ಗೆಯೇ ಇದೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಆಮೇಲೆ ಬಸ್ಸು ಹತ್ತಿ ಕಲಬುರಗಿಗೆ ಹೋಗಿ ಮುಫ್ತಿ ಸಾಹೇಬರನ್ನೂ ವೈದ್ಯರನ್ನೂ ಕೇಳಿದೆವು, ಓದಿದೆವು. ಇವತ್ತು ಹೇಳುತ್ತಿರುವುದು ಅದನ್ನೇ.

ಡೆಂಗಿ ಜ್ವರ ಬಂದಾಗ ಪ್ಲೇಟ್‌ಲೆಟ್ ಇಳಿದಿವೆ ಎಂದು ಎಲ್ಲರೂ ಗಾಬರಿಯಾಗುತ್ತೇವಲ್ಲ, ಆ ಪ್ಲೇಟ್‌ಲೆಟ್‌ಗಳದೇ ಈ ಕೆಲಸ. ಅವು ಸಣ್ಣ ಸಣ್ಣ ಕಣಗಳು. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಒಂದು ಹನಿಯ ಸಣ್ಣ ಪಾಲಿನಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. 1882ರಲ್ಲಿ ಇಟಲಿಯ ಜೂಲಿಯೊ ಬಿಝೊಝೆರೊ ಎಂಬ ವೈದ್ಯ ಇವುಗಳನ್ನು ಗುರುತಿಸಿ, ರಕ್ತ ನಿಲ್ಲಿಸುವುದರಲ್ಲಿ ಇವುಗಳ ಪಾತ್ರ ತೋರಿಸಿಕೊಟ್ಟ. ಕುಡಗೋಲು ತಾಗಿ ಬೆರಳು ಕೊಯ್ದರೆ ಮೊದಲು ಓಡಿ ಬಂದು ಒಂದಕ್ಕೊಂದು ಅಂಟಿಕೊಂಡು ರಂಧ್ರ ಮುಚ್ಚುವುದು ಇವೇ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಇವುಗಳ ಹೊಟ್ಟೆಯೊಳಗೆ ಸಣ್ಣ ಚೀಲಗಳಿವೆ, ಚೀಲಗಳಲ್ಲಿ ಕೆಲವು ಬಗೆಯ ಪ್ರೋಟೀನ್‌ಗಳಿವೆ. ಗಾಯದಲ್ಲಿ ಚೀಲ ಒಡೆದಾಗ ಆ ಪ್ರೋಟೀನ್‌ಗಳು ಹೊರಬಂದು ಸುತ್ತಲಿನ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಒಂದು ಕಸ ತೆಗೆಯುವ ಬಿಳಿ ಕಣಗಳನ್ನು ಕರೆಯುತ್ತದೆ, ಇನ್ನೊಂದು ಹೊಸ ರಕ್ತನಾಳ ಮೂಡಿಸುತ್ತದೆ, ಮತ್ತೊಂದು ಚರ್ಮ ಬೆಳೆಯುವಂತೆ ಮಾಡುತ್ತದೆ. ಇವಕ್ಕೆ ಬೆಳವಣಿಗೆ ಅಂಶಗಳು ಎನ್ನುತ್ತಾರೆ. ಬಾಗಿಲು ಹಾಕುವವರೂ ಅವರೇ, ಆಮೇಲೆ ಗೌಂಡಿಗಳನ್ನು ಕರೆತರುವವರೂ ಅವರೇ. ಇಂಥ ಅಂಶಗಳನ್ನು ಕಂಡುಹಿಡಿದದ್ದಕ್ಕಾಗಿ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಸಿಕ್ಕಿತು. ಕಣ್ಣಿಗೆ ಕಾಣದ ಒಂದು ಕಣದೊಳಗೆ ಇಷ್ಟು ವ್ಯವಸ್ಥೆ ಇಟ್ಟವನು ಯಾರು ಎಂದು ನಾವು ನಿಮಗೆ ಹೇಳಬೇಕಾಗಿಲ್ಲ.

ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಈ ವ್ಯವಸ್ಥೆ ಕೆಡುತ್ತದೆ. ನರ ಜೋಮು ಹಿಡಿದಿರುವುದರಿಂದ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ರಕ್ತನಾಳ ಸಣ್ಣಗಾಗಿ ರಕ್ತ ಕೆಳಗೆ ಸರಿಯಾಗಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಹಳೆಯದಾದ ಹುಣ್ಣಿನ ರಸವೇ ಆ ಬೆಳವಣಿಗೆ ಅಂಶಗಳನ್ನು ತಿಂದುಹಾಕುತ್ತದೆ. ಗೌಂಡಿಯನ್ನು ಕರೆಯಲು ಹೋದವನು ದಾರಿಯಲ್ಲೇ ಸತ್ತಂತೆ.

ಪಿಆರ್‌ಪಿ ಎಂದರೆ ಆ ಕರೆಯುವವರನ್ನು ಒಟ್ಟಿಗೆ ಬಹಳ ಸಂಖ್ಯೆಯಲ್ಲಿ ಗಾಯದ ಜಾಗಕ್ಕೇ ಮುಟ್ಟಿಸುವುದು. ರೋಗಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಔಷಧ ಇರುವ ನಳಿಗೆಯಲ್ಲಿ ಹಾಕಿ, ಯಂತ್ರದಲ್ಲಿ ಜೋರಾಗಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾದಂತೆ, ಭಾರದ ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ತಿಳಿ ಹಳದಿ ನೀರು ಮೇಲೆ ನಿಲ್ಲುತ್ತದೆ. ಆ ನೀರಿನಲ್ಲಿ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಭಾಗವನ್ನು ತೆಗೆದು ಗಾಯದ ಅಂಚಿಗೆ ಚುಚ್ಚುತ್ತಾರೆ, ಇಲ್ಲವೇ ಲೋಳೆಯಂತೆ ಮಾಡಿ ಗಾಯದ ಮೇಲೆ ಇಟ್ಟು ಪಟ್ಟಿ ಕಟ್ಟುತ್ತಾರೆ. ಅಮೆರಿಕದ ಡೇವಿಡ್ ನೈಟನ್ ಎಂಬ ಶಸ್ತ್ರವೈದ್ಯ 1986ರಲ್ಲೇ ವಾಸಿಯಾಗದ ಹುಣ್ಣಿನ 49 ರೋಗಿಗಳಿಗೆ ಅವರದೇ ಪ್ಲೇಟ್‌ಲೆಟ್‌ಗಳಿಂದ ತೆಗೆದ ಅಂಶಗಳನ್ನು ಹಚ್ಚಿ ವರದಿ ಪ್ರಕಟಿಸಿದ್ದ. ಈಗ ಇಂಥ ಒಂದೊಂದೇ ಅಂಶವನ್ನು ಕಾರ್ಖಾನೆಯಲ್ಲಿ ತಯಾರಿಸಿ ಮುಲಾಮಿನ ರೂಪದಲ್ಲಿಯೂ ಮಾರುತ್ತಾರೆ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗಾಗಿ ಅಮೆರಿಕ ಸರ್ಕಾರ 1997ರಲ್ಲಿ ಅಂಥ ಒಂದು ಮುಲಾಮಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪಕ್ಕದ ಹೈದರಾಬಾದಿನ ಭಾರತ್ ಬಯೋಟೆಕ್ ಕೂಡ ಇನ್ನೊಂದು ಅಂಶದ ಮುಲಾಮು ತಯಾರಿಸಿದೆ.

ಈಗ ಚಾಚಾ ಕೇಳಿದ ಪ್ರಶ್ನೆಗೆ ಬರೋಣ. ತಡವಾದ ಉತ್ತರ, ಆದರೂ ಕೊಡಬೇಕು.

ಕುರ್‌ಆನ್ ರಕ್ತವನ್ನು ಹರಾಮ್ ಮಾಡಿದ ಕಡೆಗಳಲ್ಲಿ ಮಾತು ಇರುವುದು ತಿನ್ನುವುದರ ಬಗ್ಗೆ. ಸೂರಾ ಅನ್‌ಆಮ್‌ನಲ್ಲಿ ಅದು ಹರಿಯುವ ರಕ್ತ ಎಂದು ಸ್ಪಷ್ಟವಾಗಿದೆ. ಅದೇ ಆಯತ್‌ಗಳಲ್ಲಿ, ಬೇರೆ ದಾರಿಯಿಲ್ಲದೆ ಕಷ್ಟಕ್ಕೆ ಸಿಲುಕಿದವನಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ದೇಹದಿಂದ ಹರಿದು ಹೊರಬಂದ ರಕ್ತ ನಾಪಾಕ್, ಇದು ನಿಜ. ಚಾಚಾ ಅವರ ಅಳುಕು ಅಜ್ಞಾನದ್ದಲ್ಲ, ತಕ್ವಾದ್ದು. ಆದರೆ ಚಿಕಿತ್ಸೆಯ ಅಗತ್ಯ ಬಂದಾಗ, ನುರಿತ ವೈದ್ಯರು ಇದರಿಂದ ಲಾಭವಿದೆ ಎಂದಾಗ ಉಲಮಾಗಳು ದಾರಿ ಮುಚ್ಚಿಲ್ಲ. ಒಬ್ಬ ಮನುಷ್ಯನ ದೇಹದ ಭಾಗವನ್ನು ಅವನದೇ ದೇಹದ ಇನ್ನೊಂದು ಜಾಗಕ್ಕೆ ಹಾಕುವುದು, ಹಾನಿಗಿಂತ ಲಾಭ ಹೆಚ್ಚಿದ್ದರೆ, ಜಾಯಿಝ್ ಎಂದು ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರ ಫೆಬ್ರವರಿಯಲ್ಲಿ ತನ್ನ ನಾಲ್ಕನೆಯ ಅಧಿವೇಶನದಲ್ಲಿ ತೀರ್ಮಾನಿಸಿದೆ. ಸುಟ್ಟ ಜಾಗಕ್ಕೆ ತೊಡೆಯ ಚರ್ಮ ಕಸಿ ಮಾಡುವುದು ಇದೇ ತತ್ವದ ಮೇಲೆ. ಮುಫ್ತಿ ಸಾಹೇಬರು ಪಿಆರ್‌ಪಿಯನ್ನೂ ಇದರೊಳಗೇ ಇಟ್ಟು, ಅವಕಾಶ ಇದೆ ಎಂದರು. ಇನ್ನೊಬ್ಬರ ರಕ್ತ ಅಲ್ಲ, ಮಾರಾಟ ಇಲ್ಲ, ತಿನ್ನುವುದಿಲ್ಲ.

ಯುದ್ಧದಲ್ಲಿ ಮೂಗು ಕಳೆದುಕೊಂಡ ಹಝ್ರತ್ ಅರ್ಫಜಾ (ರ)ರ ವಿಷಯ ನಿಮಗೆ ಗೊತ್ತಿರಬಹುದು. ಬೆಳ್ಳಿಯ ಮೂಗು ಹಾಕಿಸಿಕೊಂಡರು, ಅದು ವಾಸನೆ ಬರತೊಡಗಿತು. ಗಂಡಸಿಗೆ ಬಂಗಾರ ಹರಾಮ್ ಆಗಿದ್ದರೂ ಬಂಗಾರದ ಮೂಗು ಹಾಕಿಸಿಕೊಳ್ಳಲು ಪ್ರವಾದಿ (ಸ) ಅವರಿಗೆ ಹೇಳಿದರು. ಚಿಕಿತ್ಸೆ ಮಾಡಿಸಬೇಕೇ ಎಂದು ಹಳ್ಳಿಯ ಅರಬರು ಬಂದು ಕೇಳಿದಾಗಲೂ, ಮಾಡಿಸಿ, ಮುಪ್ಪೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂಬ ಅರ್ಥದ ಉತ್ತರ ಕೊಟ್ಟರು.

ನಮಾಜಿನ ಮಸ್‌ಅಲಾ ಹೀಗಿದೆ. ನಮ್ಮ ಹನಫಿ ಮಝ್‌ಹಬಿನಲ್ಲಿ ಸಿರಿಂಜಿನಿಂದ ರಕ್ತ ತೆಗೆಸಿದರೆ ವುಝೂ ಹೋಗುತ್ತದೆ, ಮತ್ತೆ ವುಝೂ ಮಾಡಬೇಕು. ಪಟ್ಟಿ ಬಿಚ್ಚಿದರೆ ಅಥವಾ ನೀರು ತಗುಲಿದರೆ ಗಾಯಕ್ಕೆ ಹಾನಿ ಎಂದು ವೈದ್ಯರು ಹೇಳಿದ್ದರೆ ಉಳಿದ ಅಂಗಗಳನ್ನು ತೊಳೆದು, ಪಟ್ಟಿಯ ಮೇಲೆ ಒದ್ದೆ ಕೈಯಿಂದ ಮಸಹ್ ಮಾಡಿದರೆ ಸಾಕು. ಪಟ್ಟಿ ಎಷ್ಟು ದಿನ ಇರುತ್ತದೋ ಅಷ್ಟು ದಿನ ಇದು ನಡೆಯುತ್ತದೆ. ಒಳಗೆ ಹಚ್ಚಿದ್ದನ್ನು ನಮಾಜಿಗಾಗಿ ಕೆರೆದು ತೆಗೆಯಬೇಕಾಗಿಲ್ಲ. ರಮಝಾನಿನಲ್ಲಿ ರಕ್ತ ಕೊಟ್ಟರೆ ರೋಝಾ ಮುರಿಯುವುದಿಲ್ಲ. ಆದರೆ ನಿಶ್ಶಕ್ತಿ ಬರುವ ಭಯವಿದ್ದರೆ ಇಫ್ತಾರಿನ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಶಾಫಿಈ ಮಝ್‌ಹಬಿನಲ್ಲಿ ವುಝೂ ಮತ್ತು ಪಟ್ಟಿಯ ವಿಧಿಗಳು ಬೇರೆ ಇವೆ. ಕರಾವಳಿಯ ಓದುಗರು ತಮ್ಮ ಉಸ್ತಾದರನ್ನು ಕೇಳಿಕೊಳ್ಳಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಹರಾಮ್ ಅಲ್ಲ ಎಂದ ಮಾತ್ರಕ್ಕೆ ಎಲ್ಲರೂ ಓಡಿಹೋಗಿ ಮಾಡಿಸಿಕೊಳ್ಳಿ ಎಂದಲ್ಲ. 2014ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಚರ್ಮರೋಗ ವೈದ್ಯರು 24 ರೋಗಿಗಳ 33 ಹುಣ್ಣುಗಳಿಗೆ ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ಸಲ ಪಿಆರ್‌ಪಿ ಹಚ್ಚಿ ಪ್ರಕಟಿಸಿದ ವರದಿಯಲ್ಲಿ 25 ಹುಣ್ಣುಗಳು ಪೂರ್ತಿ ಮುಚ್ಚಿದವು ಎಂದಿದೆ. ಸಂತೋಷದ ಸುದ್ದಿ. ಆದರೆ ಅಲ್ಲಿ ಹೋಲಿಸಿ ನೋಡಲು ಪಿಆರ್‌ಪಿ ಇಲ್ಲದ ಇನ್ನೊಂದು ಗುಂಪು ಇರಲಿಲ್ಲ. 2016ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 10 ಅಧ್ಯಯನಗಳ 442 ರೋಗಿಗಳ ಲೆಕ್ಕ ಒಟ್ಟುಗೂಡಿಸಿ, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಇದರಿಂದ ಲಾಭವಾಗಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಿಲ್ಲ ಎಂದಿತು. 2021ರಲ್ಲಿ ಅಮೆರಿಕ ಸರ್ಕಾರದ ವಿಮೆ ಸಕ್ಕರೆ ಕಾಯಿಲೆಯ ವಾಸಿಯಾಗದ ಗಾಯಕ್ಕೆ 20 ವಾರಗಳವರೆಗೆ ಇದರ ಖರ್ಚು ಕೊಡಲು ಒಪ್ಪಿತು. ಅದೇ ವರ್ಷ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಮೊಣಕಾಲು ಸವೆದ 288 ಜನರಲ್ಲಿ ಅರ್ಧ ಜನರಿಗೆ ಪಿಆರ್‌ಪಿ, ಅರ್ಧ ಜನರಿಗೆ ಬರೀ ಉಪ್ಪುನೀರು ಚುಚ್ಚಿ, ಯಾರಿಗೆ ಯಾವುದು ಎಂದು ಹೇಳದೆ ಒಂದು ವರ್ಷ ನೋಡಿದರು. ನೋವಿನಲ್ಲೂ ಕೀಲಿನ ಮೃದು ಎಲುಬಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಔಷಧ, ಗಾಯದಲ್ಲಿ ಒಂದು ಮಾತು, ಮೊಣಕಾಲಿನಲ್ಲಿ ಇನ್ನೊಂದು ಮಾತು. ಮೊಣಕಾಲಿಗೆ ಸಾವಿರಗಟ್ಟಲೆ ಕೇಳಿದರು, ಹೊಲ ಅಡವಿಡಲೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಇಡಬೇಡಿ. ಕಲಬುರಗಿಯಲ್ಲಿ ಸರ್ಕಾರದ ಜಿಮ್ಸ್ ಇದೆ, ಖಾಜಾ ಬಂದಾನವಾಜರ ಹೆಸರಿನ ಮೆಡಿಕಲ್ ಕಾಲೇಜಿದೆ, ಹಳೆಯ ಎಂ.ಆರ್. ಮೆಡಿಕಲ್ ಕಾಲೇಜಿದೆ. ಇನ್ನೊಬ್ಬ ವೈದ್ಯರನ್ನು ಕೇಳುವುದರಿಂದ ಮೊದಲನೆಯವರಿಗೆ ಅವಮಾನವಾಗುವುದಿಲ್ಲ.

ಗಾಯಕ್ಕಾದರೂ ಅಷ್ಟೇ. ಒಳಗೆ ಕೀವು ಇದ್ದರೆ, ಎಲುಬಿಗೆ ಸೋಂಕು ತಗುಲಿದ್ದರೆ, ಕಾಲಿಗೆ ರಕ್ತ ಇಳಿಯುತ್ತಿಲ್ಲವಾದರೆ, ಮೊದಲು ಅದರ ವ್ಯವಸ್ಥೆಯಾಗಬೇಕು. ಸತ್ತ ಮಾಂಸ ತೆಗೆಯಬೇಕು, ಸಕ್ಕರೆ ಹತೋಟಿಗೆ ಬರಬೇಕು, ಗಾಯದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಇವಿಲ್ಲದೆ ಪಿಆರ್‌ಪಿ ಹಾಕಿದರೆ ತೊಯ್ದ ಗೋಡೆಗೆ ಸುಣ್ಣ ಬಳಿದಂತೆ. ಕ್ಯಾನ್ಸರ್ ಇದ್ದವರು, ಪ್ಲೇಟ್‌ಲೆಟ್ ತೀರ ಕಡಿಮೆ ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು. ಲೋಳೆಯಾಗಿಸಲು ಕೆಲವರು ದನದ ರಕ್ತದಿಂದ ತೆಗೆದ ಥ್ರಾಂಬಿನ್ ಬಳಸುತ್ತಾರೆ, ಕೆಲವರು ಕ್ಯಾಲ್ಸಿಯಂ ಬಳಸುತ್ತಾರೆ. ಕ್ಯಾಲ್ಸಿಯಂ ಆಗುತ್ತದೆಯೇ ಎಂದು ಕೇಳಿ ನೋಡಿ.

ವೈದ್ಯ ಗೊತ್ತಿಲ್ಲದವನು ವೈದ್ಯ ಮಾಡಿ ಹಾನಿಯಾದರೆ ಅದರ ಹೊಣೆ ಅವನ ಮೇಲೆಯೇ ಎಂದು ಪ್ರವಾದಿ (ಸ) ತಿಳಿಸಿದ್ದು ಅಬೂದಾವೂದ್‌ನಲ್ಲಿದೆ. ಇದೇ ಪಿಆರ್‌ಪಿಯನ್ನು ಮುಖ ಹೊಳೆಯಲಿ ಎಂದು ಬ್ಯೂಟಿ ಪಾರ್ಲರುಗಳಲ್ಲಿಯೂ ಚುಚ್ಚುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಪಾರ್ಲರಿನಲ್ಲಿ 2018ರಲ್ಲಿ ಹೀಗೆ ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ಅಂಟಿತು ಎಂದು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ 2024ರಲ್ಲಿ ವರದಿ ಕೊಟ್ಟಿತು. ಒಬ್ಬರಿಗೆ ಬಳಸಿದ ಸೂಜಿ, ನಳಿಗೆ ಇನ್ನೊಬ್ಬರಿಗೆ ಮುಟ್ಟಬಾರದು. ನಿಮ್ಮ ರಕ್ತದ ನಳಿಗೆಯ ಮೇಲೆ ನಿಮ್ಮ ಹೆಸರು ಬರೆದಿದ್ದಾರೆಯೇ ಎಂದು ನೀವೇ ನೋಡಿ.

ನಮ್ಮೂರಿನ ಮದ್ದುಗಳ ಮಾತೂ ಬರಲಿ. ಉಹುದ್ ಯುದ್ಧದಲ್ಲಿ ಪ್ರವಾದಿ (ಸ)ರಿಗೆ ಗಾಯವಾದಾಗ ಹಝ್ರತ್ ಅಲಿ (ರ) ನೀರು ಹಾಕುತ್ತಿದ್ದರು, ಹಝ್ರತ್ ಫಾತಿಮಾ (ರ) ತೊಳೆಯುತ್ತಿದ್ದರು. ರಕ್ತ ನಿಲ್ಲದಿದ್ದಾಗ ಚಾಪೆಯ ತುಂಡು ಸುಟ್ಟು ಅದರ ಬೂದಿ ಒತ್ತಿದರು, ರಕ್ತ ನಿಂತಿತು. ಸಹೀಹ್ ಬುಖಾರಿಯಲ್ಲಿದೆ. ಇದನ್ನು ಕೇಳಿ ಒಬ್ಬರು ಸಕ್ಕರೆ ಹುಣ್ಣಿಗೆ ಬೂದಿ ಹಾಕಿಕೊಂಡು ಬಂದು ಸುನ್ನತ್ ಎಂದರು. ಹರಿಯುತ್ತಿರುವ ಹಸಿ ರಕ್ತ ನಿಲ್ಲಿಸಲು ರಣರಂಗದಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿದ್ದು ಅದು. ಅದರಲ್ಲಿ ನಾವು ಕಲಿಯಬೇಕಾದದ್ದು ಗಾಯ ಕಂಡ ಕೂಡಲೇ ತೊಳೆದದ್ದು, ನೀರು ಸಾಲದಾದಾಗ ತಡ ಮಾಡದೆ ಬೇರೆ ಉಪಾಯ ಹುಡುಕಿದ್ದು. ಮೂರು ತಿಂಗಳ ಹುಣ್ಣಿಗೆ ಬೂದಿ, ಸುಣ್ಣ, ತಂಬಾಕು, ಬ್ಯಾಟರಿಯ ಪುಡಿ ತುಂಬಬೇಡಿ. ಹಿಜಾಮಾ ಸುನ್ನತ್ ಹೌದು, ಆದರೆ ಜೋಮು ಹಿಡಿದ ಸಕ್ಕರೆ ಕಾಲಿನ ಮೇಲೆ ಹಿಜಾಮಾ ಮಾಡಿಸುವ ಮುಂಚೆ ವೈದ್ಯರನ್ನು ಕೇಳಿ. ಕಾರ್ಡೋಬಾದ ಝಹ್ರಾವಿ ಶಸ್ತ್ರಚಿಕಿತ್ಸೆಯ ಗುರು ಎಂದು ಸಭೆಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ, ಮನೆಯಲ್ಲಿ ಅಪ್ಪನ ಅಂಗಾಲು ಎತ್ತಿ ನೋಡುವುದಿಲ್ಲ.

ನೋಡುವುದಕ್ಕೆ ಅಲ್ಲಾಹನು ನಮಗೆ ದಿನಕ್ಕೆ ಐದು ಸಲ ಅವಕಾಶ ಕೊಟ್ಟಿದ್ದಾನೆ. ವುಝೂದಲ್ಲಿ ಕಾಲು ತೊಳೆಯುತ್ತೇವೆ, ಕಿರುಬೆರಳಿನಿಂದ ಕಾಲ್ಬೆರಳುಗಳ ಸಂದಿಯಲ್ಲಿ ಖಿಲಾಲ್ ಮಾಡುತ್ತೇವೆ. ಸಕ್ಕರೆ ಕಾಯಿಲೆಯವರು ದಿನಾ ಕಾಲು ಪರೀಕ್ಷಿಸಿಕೊಳ್ಳಬೇಕು ಎಂದು ವೈದ್ಯರು ಹೇಳುವುದನ್ನು ನಾವು ನಮಾಜಿನ ಜೊತೆಗೇ ಮಾಡಬಹುದು, ಕಣ್ಣು ತೆರೆದು ಮಾಡಿದರೆ. ತೊಳೆದ ಮೇಲೆ ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಬೇಕು, ಅಲ್ಲಿ ನೀರು ನಿಂತರೆ ಚರ್ಮ ಬಿರಿಯುತ್ತದೆ. ಚಳಿಗಾಲದಲ್ಲಿ ಬಿಸಿನೀರಿಗೆ ಮೊದಲು ಕೈ ಅಥವಾ ಮೊಣಕೈ ಹಾಕಿ ನೋಡಬೇಕು, ಜೋಮು ಹಿಡಿದ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಬೇಸಿಗೆಯ ಮಧ್ಯಾಹ್ನ ನಮ್ಮ ಮಸೀದಿಯ ಅಂಗಳದ ಕಲ್ಲು ಎಷ್ಟು ಕಾಯುತ್ತದೆ ಎಂದು ನಿಮಗೆಲ್ಲ ಗೊತ್ತು. ಚಪ್ಪಲಿ ಬಿಡುವ ಜಾಗದಿಂದ ಒಳಗಿನವರೆಗೆ ಚಾಪೆ ಹಾಸಲು ಕಮಿಟಿಯವರು ಒಪ್ಪಿದ್ದಾರೆ. ಉರ್ಸಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ಹರಕೆ ಹೊತ್ತ ಸಕ್ಕರೆ ಕಾಯಿಲೆಯವರು ನಮ್ಮನ್ನು ಬಂದು ಕಾಣಲಿ. ಈ ಸಲ ತಡ ಮಾಡುವುದಿಲ್ಲ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಈ ಸಫ್‌ಗಳಲ್ಲಿ ಎಷ್ಟು ಜನ ಇದ್ದೀರಿ ಎಂದು ನಾವು ಕೇಳುವುದಿಲ್ಲ. ಬಡವರ ಚಿಕಿತ್ಸೆಗೆ ಝಕಾತ್ ಸಲ್ಲುತ್ತದೆ. ಹಣವಿಲ್ಲದೆ ಡ್ರೆಸಿಂಗ್ ಬಿಟ್ಟವರಿದ್ದರೆ ಅವರ ಮನೆಯವರು ಗುಟ್ಟಾಗಿ ನಮಗೆ ಹೇಳಲಿ.

ಚಾಚಾ ಅವರಿಗೆ ಸೋಂಕು ಇಳಿದ ಮೇಲೆ ಉಳಿದ ಗಾಯಕ್ಕೆ ನಾಲ್ಕು ಸಲ ಪಿಆರ್‌ಪಿ ಹಾಕಿದರು. ಗಾಯ ತುಂಬಿದೆ. ಪಿಆರ್‌ಪಿಯಿಂದಲೋ, ಸಕ್ಕರೆ ಇಳಿದದ್ದರಿಂದಲೋ, ಎರಡು ತಿಂಗಳು ಹೊಲಕ್ಕೆ ಹೋಗದೆ ಕಾಲಿಗೆ ವಿಶ್ರಾಂತಿ ಕೊಟ್ಟದ್ದರಿಂದಲೋ ಎಂದು ಕೇಳಿದೆವು. ಮೂರೂ ಇವೆ, ಒಂದಕ್ಕೇ ಹೆಸರು ಕೊಡಲಾರೆ ಎಂದರು ವೈದ್ಯರು. ಮೆತ್ತನೆಯ ಅಟ್ಟೆಯ ಚಪ್ಪಲಿ ಹಾಕಿಕೊಂಡು ಈಗ ಜುಮಾಕ್ಕೆ ಬರುತ್ತಿದ್ದಾರೆ, ಕುರ್ಚಿಯ ಮೇಲೆ ಕೂತು ನಮಾಜ್ ಮಾಡುತ್ತಾರೆ. ವುಝೂಖಾನಾದಲ್ಲಿ ಕೆಳಗೆ, ಕೂರುವ ಕಟ್ಟೆಯ ಎದುರಿಗೆ ಹೊಸದಾಗಿ ಒಂದು ಕನ್ನಡಿ ಇಟ್ಟಿರುವುದನ್ನು ನೀವು ನೋಡಿರಬಹುದು. ಕಾಲು ಎತ್ತಲು ಆಗದವರಿಗೆ ಅಂಗಾಲು ಕಾಣಲಿ ಎಂದು ಅದನ್ನು ತಂದುಕೊಟ್ಟವರು ಅವರೇ.

ಬರುವ ಜುಮಾದ ನಮಾಜಿನ ನಂತರ ಸರ್ಕಾರಿ ದವಾಖಾನೆಯ ಸಿಸ್ಟರ್ ಮತ್ತು ಆಶಾ ಕಾರ್ಯಕರ್ತೆ ಬರುತ್ತಾರೆ. ಗಂಡಸರಿಗೆ ಅಂಗಳದಲ್ಲಿ, ಹೆಣ್ಣುಮಕ್ಕಳಿಗೆ ಮಕ್ತಬಿನ ಕೋಣೆಯಲ್ಲಿ ಸಕ್ಕರೆ ಮತ್ತು ಕಾಲು ನೋಡುತ್ತಾರೆ. ಔಷಧದ ಚೀಟಿ ಇದ್ದವರು ಜೊತೆಗೆ ತನ್ನಿ. ಮೊದಲು ನಮ್ಮ ಕಾಲನ್ನೇ ತೋರಿಸುತ್ತೇವೆ.